ಮೇಳಿಗೆ ಮಿಸ್ಸಿನ ಹೊಳೆ

ಸಾಗರದ ತರಬೇತಿಯಲ್ಲಿ ಪಕ್ಕದ ಕುರ್ಚಿಯಲ್ಲಿದ್ದ ಗಣಿತದ ಮಿಸ್ ನನ್ನ ಚಾರ್ಜರ್ ಕೇಳಿ ಪಡೆದರು. ಅವರ ಏಳಿಗೆಗೆ ನಾನು ಸಲ್ಲಿಸಿದ ಮೊದಲ ಸೇವೆ ಅದು. ಮುಂದಾಗುವುದು ಗೊತ್ತಿದ್ದರೆ ವೈರು ಕೆಟ್ಟಿದೆ ಎನ್ನುತ್ತಿದ್ದೆ.

ಸಾಮಾಜಿಕ ಜಾಲತಾಣಗಳಿಂದಲೂ ಕಂಪ್ಯೂಟರಿನೊಳಗಿನ ಕಾಲ್ಪನಿಕ ಲೋಕಗಳಿಂದಲೂ ಪಾಠಕ್ಕೆ ಏನಾದರೂ ಪ್ರಯೋಜನವುಂಟೇ ಎಂಬುದು ತರಬೇತಿಯ ವಿಷಯ. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಿಂದ ಆಯ್ದು ತಂದ ನಾವು ನಮ್ಮ ನಮ್ಮ ಶಾಲೆಗಳಲ್ಲಿ ಪ್ರಯೋಗ ಮಾಡಬೇಕು, ವಾರ್ಷಿಕ ಪರೀಕ್ಷೆಗೆ ಮೊದಲು ಮತ್ತೆ ಸಾಗರದಲ್ಲಿ ಸೇರಿ ಫಲ ತೋರಿಸಬೇಕು. ಒಳ್ಳೆಯದು ಎನಿಸಿದ ಒಂದು ಪಾಠವನ್ನು ಮೂರೂ ತಾಲ್ಲೂಕಿಗೆ ಹಂಚುತ್ತಾರೆ. ಆ ಒಂದು ಪಾಠ ಯಾರದ್ದು ಎಂಬುದರಲ್ಲಿ ನನಗೆ ಅನುಮಾನವಿರಲಿಲ್ಲ.

ಯಾಕೆಂದರೆ ನಾನು ಮಾಸ್ತಿಕಟ್ಟೆ ಕಡೆಯ ಹೈಸ್ಕೂಲೊಂದರಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರು. ಕಣ್ಣು ಮುಚ್ಚಿಕೊಂಡು ಬೋರ್ಡಿನ ಮೇಲೆ ಭಾರತದ ನಕ್ಷೆ ಬಿಡಿಸುತ್ತೇನೆ. ಗುಜರಾತಿನ ಹತ್ತಿರ ಎಲ್ಲರ ಸೀಮೆಸುಣ್ಣವೂ ತಡವರಿಸುತ್ತದೆ, ನನ್ನದು ತಡವರಿಸುವುದಿಲ್ಲ. ನಕ್ಷೆಯ ಮಾತು ಬಂದರೆ ಮೂರು ತಾಲ್ಲೂಕಿನಲ್ಲೂ ಮೊದಲು ನನ್ನ ಹೆಸರು ಬರುತ್ತಿತ್ತು.

ಮೊದಲು ಜಾಲತಾಣದಿಂದ ಶುರುಮಾಡಿದೆ. ಒಂಬತ್ತನೆಯ ತರಗತಿಗೆಂದು ಒಂದು ಗುಂಪು ತೆರೆದೆ. ಫೋನುಗಳೆಲ್ಲ ಮನೆಯವರದ್ದಾದ್ದರಿಂದ ಮಕ್ಕಳಿಗಿಂತ ಹಿರಿಯರೇ ಹೆಚ್ಚು ಸೇರಿದರು. 'ನದಿ ಹೇಗೆ ಹುಟ್ಟುತ್ತದೆ?' ಎಂದು ಕೇಳಿದ ನನ್ನ ಪ್ರಥಮ ಪ್ರಶ್ನೆಗೆ ಕೈಮುಗಿದ ಚಿತ್ರಗಳು ಬಂದವು, ಅಡಿಕೆಯ ಧಾರಣೆ ಬಂತು, 'ಯಾರಿದು?' ಎಂಬ ವಿಚಾರಣೆ ಬಂತು. ನಮ್ಮ ಮುಖ್ಯೋಪಾಧ್ಯಾಯರು ದಿನವೂ ಬೆಳಿಗ್ಗೆ ಒಂದು ಗುಲಾಬಿ ಕಳಿಸುತ್ತಿದ್ದರು. ಅವರನ್ನು ಗುಂಪಿನಿಂದ ತೆಗೆದುಹಾಕುವುದು ನೌಕರಿಯಲ್ಲಿರುವವನಿಗೆ ಕ್ಷೇಮವಲ್ಲ. ಗುಲಾಬಿಗಳನ್ನು ಸ್ವೀಕರಿಸುತ್ತಾ ಗುಂಪು ತಾನಾಗಿ ತಣ್ಣಗಾಗುವವರೆಗೆ ಕಾದೆ.

ಎರಡನೆಯದಾಗಿ ಈ ಸೀಮೆಯನ್ನಾಳಿದ ಹಳೆಯ ಅರಸರೊಬ್ಬರ ಹೆಸರಿನಲ್ಲಿ ಖಾತೆ ತೆರೆದೆ. ಮಕ್ಕಳು ಪ್ರಶ್ನೆ ಕೇಳಬೇಕು, ಅರಸರು ಉತ್ತರಿಸಬೇಕು. ಮಕ್ಕಳಿಗಿಂತ ಮೊದಲು ತೋಟಕ್ಕೆ ಪಂಪ್‌ಸೆಟ್ ಮಾರುವವರೊಬ್ಬರು ಅರಸರ ಸ್ನೇಹ ಬಯಸಿದರು. ಇನ್ನೊಬ್ಬ ಮಹನೀಯರು 'ಈಗೆಲ್ಲಿದ್ದೀರಿ, ಯಾವ ಬ್ಯಾಚು?' ಎಂದು ಕುಶಲ ಕೇಳಿದರು. ಸ್ವಲ್ಪ ಕಾಲದಲ್ಲಿ ಜಾಲತಾಣದವರು ಗುರುತಿನ ಚೀಟಿ ಕೇಳಿದರು. ಅರಸರ ಬಳಿ ಇರಲಿಲ್ಲ. ರಾಜ್ಯ ಪತನವಾಯಿತು.

ಈ ನಡುವೆ ಚಾರ್ಜರ್ ಪಡೆದ ಆ ಮಿಸ್, ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆ ಕಡೆಯ ಶಾಲೆಯವರು, ತರಬೇತಿಗೆ ಬಂದವರ ಗುಂಪಿನಲ್ಲಿ ಒಂದು ಚಿತ್ರ ಹಾಕಿದರು. ಮಕ್ಕಳು ಕಂಪ್ಯೂಟರಿನ ಲೋಕವೊಂದರಲ್ಲಿ ಚೌಕ ಚೌಕವಾದ ಇಟ್ಟಿಗೆ ಜೋಡಿಸಿ ಗುಡ್ಡ, ಗದ್ದೆ, ಮನೆ ಕಟ್ಟಿದ್ದರು. ನಡುವೆ ಒಂದು ಹೊಳೆ ಹರಿಯುತ್ತಿತ್ತು. ಕೆಳಗೆ ಮಿಸ್ ಬರೆದಿದ್ದರು: 'ನನಗೇನೂ ಬರಲ್ಲ, ಎಲ್ಲ ಮಕ್ಕಳೇ ಮಾಡಿದ್ದು.'

ಈ ವಾಕ್ಯದಷ್ಟು ನನ್ನನ್ನು ಉರಿಸಿದ ವಾಕ್ಯ ಇನ್ನೊಂದಿಲ್ಲ. ನನಗೆ ಎಲ್ಲ ಬರುತ್ತಿತ್ತು, ಮಕ್ಕಳು ಏನೂ ಮಾಡಿರಲಿಲ್ಲ.

ಆ ಚಿತ್ರವನ್ನು ಮನೆಯಲ್ಲಿ ಎರಡು ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ನೋಡುತ್ತಿದ್ದೆ. ನಮ್ಮ ಮನೆಯಲ್ಲಿ ಆಡುವುದು ಅಡಿಕೆ ತೋಟದವರ ಕನ್ನಡ.

"ಎಂತ, ಮತ್ತೆ ಅದೇ ಫೋಟೋವಾ?" ಎಂದಳು ಹೆಂಡತಿ.

"ತಪ್ಪು ಎಲ್ಲಿದ್ದು ಹೇಳಿ ಹುಡುಕ್ತಾ ಇದ್ದಿ," ಎಂದೆ.

"ಸಿಕ್ತಾ?"

"ಹಿಂದಿನ ಗೋಡೆ ಮೇಲೆ ಕ್ಯಾಲೆಂಡರ್ ಸೊಟ್ಟ ಇದ್ದು."

"ಇದು ಹೊಟ್ಟೆಕಿಚ್ಚೇಯ. ಬೇರೆ ಎಂತದೂ ಇಲ್ಲೆ," ಎಂದು ತೀರ್ಪು ಕೊಟ್ಟು ಒಳಗೆ ಹೋದಳು. ಮೇಲ್ಮನವಿಗೆ ಅವಕಾಶವಿರಲಿಲ್ಲ.

ಹೊಳೆ ಕಟ್ಟುವುದೇ ಆದರೆ ಅದು ನನ್ನ ಕ್ಷೇತ್ರ. ನಕ್ಷೆಯಲ್ಲಿ ಒಂದೇ ಎತ್ತರದ ಜಾಗಗಳನ್ನು ಸೇರಿಸಿ ಎಳೆಯುವ ಗೆರೆಗೆ ಸಮೋನ್ನತ ರೇಖೆ ಎನ್ನುತ್ತೇವೆ. ಹೇಳಿಕೊಡಲು ಅದರಷ್ಟು ಕಷ್ಟದ ಪಾಠ ಬೇರೆ ಇಲ್ಲ. ಮಕ್ಕಳಿಗೆ ಅದು ಗುಡ್ಡವಾಗಿ ಕಾಣುವುದೇ ಇಲ್ಲ, ಅಡ್ಡ ಕೊಯ್ದ ಈರುಳ್ಳಿಯಂತೆ ಕಾಣುತ್ತದೆ. ಆದರೆ ಈ ಚೌಕದ ಲೋಕದಲ್ಲಿ ಒಂದು ಗೆರೆಗೆ ಒಂದು ಪದರ ಇಟ್ಟಿಗೆ ಎಂದು ಪೇರಿಸುತ್ತಾ ಹೋದರೆ ನಕ್ಷೆಯೇ ಎದ್ದು ಗುಡ್ಡವಾಗಿ ನಿಲ್ಲುತ್ತದೆ. ಇದು ಹೊಳೆದಾಗ ನಾನು ಸ್ಟಾಫ್ ರೂಮಿನಲ್ಲಿ ಒಬ್ಬನೇ ಇದ್ದೆ, ಆದ್ದರಿಂದ ಚರಿತ್ರೆಯಲ್ಲಿ ದಾಖಲಾಗಿಲ್ಲ. ವಾರಾಹಿಯ ಕಣಿವೆಯನ್ನು ಮಾಸ್ತಿಕಟ್ಟೆಯಿಂದ ಘಟ್ಟದ ಅಂಚಿನವರೆಗೆ ಕಟ್ಟುವುದೆಂದು ತೀರ್ಮಾನಿಸಿದೆ.

ಮನೆಯವರ ಒಪ್ಪಿಗೆ ಪಡೆದು, ಶಾಲೆಯ ಕಂಪ್ಯೂಟರುಗಳಲ್ಲಿ ಪಾಳಿಯಂತೆ, ಸಂಜೆ ಸ್ವಲ್ಪ ಹೊತ್ತು ಮನೆಯ ಫೋನಿನಲ್ಲಿ ಕೆಲಸ ಎಂದು ನಿಯಮ ಮಾಡಿದೆ. ಗಲಾಟೆಯಾಗದಿರಲಿ ಎಂದು ಕಣಿವೆಯನ್ನು ಸಮನಾಗಿ ತುಂಡು ಮಾಡಿ ತಲೆಗೊಂದು ತುಂಡು ಕೊಟ್ಟೆ. ಸರ್ವೆ ನಂಬರ್ ಕೂಡ ಹಾಕಿದೆ. ನಂಬರು ಹಾಕುವಾಗ ನನಗಾದ ಸುಖವನ್ನು ಮುಚ್ಚಿಡುವುದಿಲ್ಲ.

ಮಲೆನಾಡಿನ ಮಕ್ಕಳ ಕೈಗೆ ನಂಬರು ಹಾಕಿದ ಜಮೀನು ಕೊಟ್ಟರೆ ಮೊದಲು ಏನು ಮಾಡುತ್ತಾರೆ? ಅಗಳು ತೋಡುತ್ತಾರೆ. ಜಮೀನಿನ ಗಡಿಗುಂಟ ಆಳುದ್ದದ ಕಂದಕ ತೆಗೆಯುವುದು ನಮ್ಮಲ್ಲಿ ರಕ್ತಗತ. ಆ ಲೋಕಕ್ಕೆ ಕೊನೆಯೆಂಬುದಿಲ್ಲ, ನಡೆದಷ್ಟೂ ನೆಲ ಹುಟ್ಟುತ್ತಲೇ ಇರುತ್ತದೆ. ಆದರೂ ಮಾರನೆಯ ದಿನ ನೋಡುವಾಗ ಕಣಿವೆಯಲ್ಲಿ ಗುಡ್ಡ ಎದ್ದಿರಲಿಲ್ಲ, ಗದ್ದೆ ಇರಲಿಲ್ಲ, ಅಗಳುಗಳು ಮಾತ್ರ ಪರಿಪೂರ್ಣವಾಗಿದ್ದವು. ಅಗಳಿನ ಆಚೆಗೆ ಒಂದು ಇಟ್ಟಿಗೆ ಒತ್ತುವರಿಯಾಗಿದೆಯೆಂದು ದೂರುಗಳು ಬರತೊಡಗಿದವು. ಭೂಗೋಳದ ತರಗತಿ ತಹಶೀಲ್ದಾರರ ಕಚೇರಿಯಾಯಿತು. ಒಬ್ಬ ಹುಡುಗನಂತೂ ತನ್ನ ಅಜ್ಜನನ್ನು ಸಾಕ್ಷಿಗೆ ಕರೆತರುತ್ತೇನೆಂದ. ಅಜ್ಜನವರು ಆ ಲೋಕವನ್ನು ನೋಡಿಯೇ ಇರಲಿಲ್ಲ. ಅದರಿಂದ ಸಾಕ್ಷ್ಯಕ್ಕೆ ಬಾಧಕವಿಲ್ಲವೆಂದು ಅವನ ಅಭಿಪ್ರಾಯ.

ದೊಡ್ಡ ಪೆಟ್ಟು ಬಿದ್ದದ್ದು ಹೊಳೆಗೆ. ಆ ಲೋಕದ ನೀರಿಗೆ ಒಂದು ಗುಣವಿದೆ. ಸಮತಟ್ಟಾದ ನೆಲದಲ್ಲಿ ಒಂದಷ್ಟು ಇಟ್ಟಿಗೆ ದೂರ ಹರಿದು ಬತ್ತಿಹೋಗುತ್ತದೆ. ಮುಂದೆ ಸಾಗಬೇಕಾದರೆ ಒಂದು ಮೆಟ್ಟಿಲು ಇಳಿಯಬೇಕು, ಆಮೇಲೆ ಇನ್ನೊಂದು. ಹಾಗಾಗಿ ಮೇಲಿನವನ ನೆಲ ಕೆಳಗಿನವನ ನೆಲಕ್ಕಿಂತ ಒಂದು ಪದರವಾದರೂ ಎತ್ತರ ಇರಲೇಬೇಕು. ನಮ್ಮಲ್ಲಿ ಯಾರೂ ತಗ್ಗಿಗೆ ಒಪ್ಪಲಿಲ್ಲ. ಹೊಳೆ ಮೊದಲ ಅಗಳಿಗೆ ಬಿದ್ದು ಅಲ್ಲೇ ನಿಂತಿತು. ಒಂದು ಮಧ್ಯಾಹ್ನ ನಾನೇ ಗುದ್ದಲಿ ಹಿಡಿದು, ಅಂದರೆ ಮೌಸ್ ಹಿಡಿದು, ಅಗಳಿನ ಗೋಡೆ ಕಡಿದೆ. ನೀರು ಕ್ಲಾಸಿನ ಮಾನಿಟರ್ ಹುಡುಗಿ ಕಟ್ಟಿದ ಮನೆಯೊಳಗೆ ನುಗ್ಗಿತು. ಅವಳು ನನ್ನನ್ನು ನೋಡಿದ ನೋಟದಲ್ಲಿ ಮಾಜಿ ಭೂಮಾಲೀಕರನ್ನು ನೋಡುವ ಒಂದು ಬಗೆ ಇತ್ತು.

"ಸಾರ್, ಮೇಳಿಗೆಯೋರನ್ನ ಒಂದ್ಸಲ ಕರಸಣ. ಅವ್ರಿಗೆ ಹೊಳೆ ಕೆಲ್ಸ ಗೊತ್ತು," ಎಂದಳು.

ನಾನು ಸಂಜೆಯೇ ನಮ್ಮ ಲೋಕಕ್ಕೆ ಬೀಗ ಹಾಕಿದೆ. ನಮ್ಮ ತರಗತಿಯವರ ಹೊರತು ಯಾರೂ ಒಳಗೆ ಬರುವಂತಿಲ್ಲ. ಮಕ್ಕಳ ಸುರಕ್ಷತೆ ಎಂದು ಕಾರಣ ಕೊಟ್ಟೆ. ಕಾರಣ ಸುಳ್ಳಲ್ಲ, ಆದರೆ ಬೀಗ ಹಾಕಿಸಿದ್ದು ಅದಲ್ಲ.

ಮೇಳಿಗೆ ಮಿಸ್ ತಮ್ಮ ಲೋಕದ ಕೊಂಡಿಯನ್ನು ತರಬೇತಿಯ ಗುಂಪಿನಲ್ಲಿ ಎಲ್ಲರಿಗೂ ಕೊಟ್ಟಿದ್ದರು. ಸಾಗರದ ಪ್ರದರ್ಶನ ಹತ್ತಿರ ಬರುತ್ತಿತ್ತು. ಶತ್ರುವಿನ ಬಲಾಬಲ ಅರಿಯುವುದು ರಾಜನೀತಿಯಾದ್ದರಿಂದ ಒಂದು ದಿನ ಊಟದ ಬಿಡುವಿನಲ್ಲಿ ಬಾಗಿಲು ಹಾಕಿಕೊಂಡು ಅಲ್ಲಿಗೆ ಪ್ರವೇಶ ಮಾಡಿದೆ. ಚೌಕ ತಲೆಯ, ಕತ್ತಿಲ್ಲದ ಒಂದು ಆಕೃತಿ ನಾನು. ಮೊದಲು ಒಂದು ಮರಕ್ಕೆ ಡಿಕ್ಕಿ ಹೊಡೆದೆ, ಆಮೇಲೆ ಒಂದು ದನಕ್ಕೆ. ದನ ಪಕ್ಕಕ್ಕೆ ಸರಿದು ದಾರಿ ಬಿಟ್ಟಿತು. ಅಲ್ಲಿನ ದನಗಳೂ ಶಿಸ್ತಿನವು.

ಹೊಳೆ ಚಿತ್ರದಲ್ಲಿದ್ದದ್ದಕ್ಕಿಂತ ಚೆನ್ನಾಗಿತ್ತು. ಮೆಟ್ಟಿಲು ಮೆಟ್ಟಿಲಾಗಿ ಇಳಿದು, ಗದ್ದೆಗಳ ಬದಿಯಲ್ಲಿ ತಿರುಗಿ ಹೋಗುತ್ತಿತ್ತು. ಒಂದೇ ಒಂದು ಅಗಳು ಕಾಣಲಿಲ್ಲ. ಒಂದು ಸೇತುವೆಯ ಹತ್ತಿರ ಮರದ ಫಲಕವಿತ್ತು, ಕಟ್ಟಿದವರ ಹೆಸರುಗಳಿದ್ದವು. ಓದಿದೆ. ಮೊದಲ ಹೆಸರು ನಮ್ಮ ಮಾನಿಟರ್ ಹುಡುಗಿಯದು. ಎರಡನೆಯದೂ ನಮ್ಮವನದು. ಅಜ್ಜನನ್ನು ಸಾಕ್ಷಿಗೆ ಕರೆಯುತ್ತೇನೆಂದವನು ಮೂರನೆಯವನು.

ಇಷ್ಟು ಹೊತ್ತು ನನ್ನದು ಸಾಧಾರಣ ದರ್ಜೆಯ ಹೊಟ್ಟೆಕಿಚ್ಚು. ಒಬ್ಬರ ಹೊಳೆ ನಮ್ಮ ಹೊಳೆಗಿಂತ ಚೆನ್ನಾಗಿದ್ದರೆ ಸಹಿಸಿಕೊಳ್ಳಬಹುದು. ನನ್ನ ಮಕ್ಕಳು ನನ್ನ ಪಾಠ ಬಿಟ್ಟು ಇನ್ನೊಬ್ಬರಲ್ಲಿ ಹೋಗಿ ಕೆಲಸ ಮಾಡುತ್ತಾರೆಂದರೆ, ಹೋಗುತ್ತಿರುವುದು ಪ್ರದರ್ಶನವಲ್ಲ, ನನ್ನ ತರಗತಿಯೇ. ಆ ದಿನ ಮಧ್ಯಾಹ್ನದ ಪಾಠಕ್ಕೆ ಹೋದಾಗ ಬೆತ್ತವಿಲ್ಲದ ಕಾಲದಲ್ಲಿ ಮೇಷ್ಟ್ರಾದದ್ದಕ್ಕೆ ವಿಷಾದವಾಯಿತು.

"ಮೇಳಿಗೆಯವರ ಲೋಕಕ್ಕೆ ಹೋಗ್ತಿದೀಯಾ?" ಎಂದು ಮಾನಿಟರನ್ನು ಕೇಳಿದೆ.

"ಹೌದು ಸಾರ್."

"ಯಾರು ಕರೆದದ್ದು?"

"ನಮ್ ದೊಡ್ಡಮ್ಮನ ಮಗಳು ಅಲ್ಲೇ ಓದೋದು ಸಾರ್. ಅವ್ಳು ಬಾ ಅಂದ್ಲು."

"ಇನ್ಯಾರ್ಯಾರು ಹೋಗ್ತೀರಿ?"

ತಲೆ ತಗ್ಗಿಸಿದವರನ್ನು ನೋಡುವುದಕ್ಕಿಂತ ತಗ್ಗಿಸದವರನ್ನು ಹುಡುಕುವುದು ಸುಲಭವಾಗಿತ್ತು. ಹಿಂದಿನ ಬೆಂಚಿನಲ್ಲಿ ಒಬ್ಬನಿದ್ದ. ಅವನ ಮನೆಯಲ್ಲಿ ನೆಟ್‌ವರ್ಕ್ ಇಲ್ಲ.

"ನಮ್ಮ ಹೊಳೆ ಇಲ್ಲಿ ಗುಂಡಿಯಲ್ಲಿ ಬಿದ್ದಿದೆ. ನೀವು ಹೋಗಿ ಅವರ ಹೊಳೆ ಹರಿಸಿ ಬಂದ್ರಾ?"

"ಮುಯ್ಯಾಳಿಗೆ ಹೋಗಿದ್ವಿ ಸಾರ್," ಎಂದಳು ಹುಡುಗಿ, ಇಷ್ಟೂ ಗೊತ್ತಿಲ್ಲವೇ ಎಂಬ ಧ್ವನಿಯಲ್ಲಿ.

ಮುಯ್ಯಾಳು ಗೊತ್ತಿಲ್ಲದವನಲ್ಲ ನಾನು. ನಟ್ಟಿಗೆ ಇವತ್ತು ನಿಮ್ಮ ಗದ್ದೆಗೆ ನಾವು ಬರುತ್ತೇವೆ, ನಾಳೆ ನಮ್ಮ ಗದ್ದೆಗೆ ನೀವು ಬರಬೇಕು. ಕೂಲಿಯಿಲ್ಲ, ಆಳಿಗೆ ಆಳು. ಕೂಲಿ ಬಾಕಿ ಉಳಿಸಿಕೊಂಡವನು ಊರಿನಲ್ಲಿ ತಲೆಯೆತ್ತಿ ತಿರುಗಬಹುದು, ಮುಯ್ಯಿ ತೀರಿಸದವನು ತಿರುಗುವಂತಿಲ್ಲ. ಮೇಳಿಗೆಯ ಮಕ್ಕಳು ಆ ಲೋಕದಲ್ಲಿ ಜಮೀನು ಹಂಚಿಕೊಂಡೇ ಇರಲಿಲ್ಲವಂತೆ. ಎಲ್ಲರೂ ಸೇರಿ ಒಬ್ಬರ ಗದ್ದೆ ಮುಗಿಸಿ ಇನ್ನೊಬ್ಬರ ಗದ್ದೆಗೆ ಇಳಿಯುತ್ತಿದ್ದರಂತೆ. ಮಿಸ್ ಹೇಳಿಕೊಟ್ಟದ್ದಲ್ಲ. ಮನೆಯಲ್ಲಿ ನೋಡಿದ್ದನ್ನು ಮಾಡಿದ್ದರು. ನಮ್ಮ ಮಕ್ಕಳೂ ಮನೆಯಲ್ಲಿ ನೋಡಿದ್ದನ್ನೇ ಮಾಡಿದ್ದು. ಮನೆಯಲ್ಲಿ ಎರಡೂ ಇರುತ್ತದೆ, ಅಗಳೂ ಮುಯ್ಯಾಳೂ. ಸರ್ವೆ ನಂಬರ್ ಹಾಕಿ ಯಾವುದನ್ನು ಎಬ್ಬಿಸಬೇಕೆಂದು ಆರಿಸಿದವನು ನಾನು.

"ಮತ್ತೆ ಅವ್ರು ನಮ್ಮಲ್ಲಿಗೆ ಬರ್ಬೇಕಿತ್ತಲ್ಲ?" ಎಂದೆ, ಸೋತ ಪಕ್ಷದ ವಕೀಲನಂತೆ.

"ಬಂದಿದ್ರು ಸಾರ್. ನೀವು ಬೀಗ ಹಾಕಿದೀರಿ. ಹೊರಗೇ ನಿಂತು ಹೋದ್ರು."

ಅಂದು ಸಂಜೆ ಮೇಳಿಗೆ ಮಿಸ್ಸಿನ ಫೋನು ಬಂತು. ಎರಡು ಸಲ ಎತ್ತಲಿಲ್ಲ. ಮೂರನೆಯ ಸಲ ಹೆಂಡತಿ ಎತ್ತಿ ನನ್ನ ಕೈಗಿಟ್ಟಳು.

"ಸಾರ್, ನಿಮ್ ಮಕ್ಕಳು ಬಂದು ನಮ್ಮಲ್ಲಿ ಭಾಳ ಕೆಲ್ಸ ಮಾಡಿದಾರೆ. ನಮ್ಮೋರು ಮುಯ್ಯಿ ತೀರ್ಸಬೇಕು ಅಂತ ನನ್ ತಲೆ ತಿಂತಿದಾರೆ. ಬಾಗ್ಲು ತೆಗೀರಿ ಸಾರ್."

"ಸುರಕ್ಷತೆಯ ಪ್ರಶ್ನೆ ಇದೆ ಮಿಸ್."

"ಹೌದೌದು. ಹೆಸ್ರೆಲ್ಲ ಕಳಿಸ್ತೀನಿ, ಅಷ್ಟೇ ಜನ ಬರ್ತಾರೆ. ಆದ್ರೆ ಒಂದ್ ಮಾತು. ಅಗಳು ಮುಚ್ಚಿಸಿ ಸಾರ್. ಕಾಲಿಟ್ರೆ ಗುಂಡಿಗೆ ಬೀಳೋ ಗದ್ದೇಲಿ ನಟ್ಟಿ ಮಾಡಕ್ಕಾಗಲ್ಲ ಅಂತಾರೆ."

"ನೋಡೋಣ," ಎಂದೆ.

ಇನ್ನೂ ಒಂದು ದಾರಿ ಇತ್ತು. ಕಾಲ್ಪನಿಕ ಲೋಕಗಳಿಂದ ಪಾಠಕ್ಕೆ ಪ್ರಯೋಜನವಿಲ್ಲ, ಕಲಹ ಹೆಚ್ಚುತ್ತದೆ ಎಂದು ಗಂಭೀರವಾದ ವರದಿ ಬರೆದು, ಕೈಯಲ್ಲಿ ಬಿಡಿಸಿದ ನಕ್ಷೆಯೊಂದನ್ನು ಸಾಗರಕ್ಕೆ ಒಯ್ಯುವುದು. ನಕ್ಷೆಯಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಮೊದಲ ಪ್ಯಾರಾವನ್ನು ಬರೆದೂ ಬಿಟ್ಟೆ, ಭಾಷೆ ಚೆನ್ನಾಗಿತ್ತು. ಆದರೆ ಹೊರಗೆ ನಿಂತು ಹೋದರು ಎಂಬ ಮಾತು ಬಿಡಲಿಲ್ಲ. ಮುಯ್ಯಾಳಿಗೆ ಬಂದವರನ್ನು ಬೇಲಿಬಾಗಿಲಿನ ಉಣುಗೋಲಿನಿಂದಾಚೆ ನಿಲ್ಲಿಸಿ ಕಳಿಸಿದ ಮನೆಯ ಮಕ್ಕಳನ್ನು ಇನ್ನು ಯಾರು ಕರೆಯುತ್ತಾರೆ? ಮೇಳಿಗೆಯವರು ಕರೆಯದಿದ್ದರೆ ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಮಕ್ಕಳು ನನ್ನಲ್ಲಿ ಉಳಿಯಬಹುದಿತ್ತು, ಆದರೆ ಬೀಗದ ಒಳಗಿನವರಾಗಿ, ಆ ಮೊದಲ ಅಗಳಿನಲ್ಲಿ ನಿಂತ ನೀರಿನ ಹಾಗೆ.

ಮಾರನೆಯ ದಿನ ಬೋರ್ಡಿನ ಮೇಲೆ ಇಡೀ ಕಣಿವೆಯ ಸಮೋನ್ನತ ರೇಖೆಗಳನ್ನು ಬಿಡಿಸಿದೆ, ಎತ್ತರಕ್ಕೊಂದು ಬಣ್ಣದ ಸೀಮೆಸುಣ್ಣ. ತುಂಡುಗಳ ಗಡಿ ಹಾಕಲಿಲ್ಲ.

"ಸಾರ್, ನನ್ ನಂಬರ್ ಎಲ್ಲೋಯ್ತು?" ಎಂದ ಅಜ್ಜನ ಮೊಮ್ಮಗ.

"ಹೊಳೆಯಲ್ಲಿ ಹೋಯ್ತು."

"ಪರಿಹಾರ ಕೊಡ್ತೀರಾ ಸಾರ್?" ಎಂದಿತು ಹಿಂದಿನ ಬೆಂಚು. ವಾರಾಹಿಗೆ ಕಟ್ಟಿದ ಜಲಾಶಯದ ನೆರೆಯ ಮಕ್ಕಳಿಗೆ ಮುಳುಗಡೆಯ ನ್ಯಾಯ ಹೇಳಿಕೊಡಬೇಕಾಗಿಲ್ಲ. ತರಗತಿ ನಕ್ಕಿತು, ನಾನೂ ನಕ್ಕೆ. ಬೀಗ ತೆಗೆದೆ.

ಬಂದರು. ಅಗಳಿಗೆ ಮಣ್ಣು ಬಿತ್ತು. ನಮ್ಮ ಬೋರ್ಡಿನ ಫೋಟೋ ಎರಡೂ ಶಾಲೆಗೆ ಹೋಗಿತ್ತು. ಕೆಂಪು ಗೆರೆಯ ಮೇಲೆ ಒಂದು ಪದರ, ಹಸಿರಿನ ಮೇಲೆ ಇನ್ನೊಂದು, ಹೀಗೆ ಗುಡ್ಡಗಳು ಎದ್ದವು. ಮಾತಾಡುವ ಸೌಕರ್ಯವಿದ್ದುದರಿಂದ ಎರಡು ತಾಲ್ಲೂಕಿನ ಸದ್ದು ನಮ್ಮ ಕಂಪ್ಯೂಟರ್ ಕೋಣೆಯಲ್ಲಿ ತುಂಬಿತು. "ಏ ಮಾಸ್ತಿಕಟ್ಟೆ, ಇಲ್ಲೊಂದ್ ಮೆಟ್ಲು ತೆಗಿಯಾ," ಎನ್ನುವುದು. "ನೀ ತೆಗಿ ಮಾರಾಯ್ತಿ, ನಿನ್ ಮುಯ್ಯಿ ಇದು," ಎನ್ನುವುದು. ನಡುನಡುವೆ ಮೇಳಿಗೆ ಮಿಸ್ಸಿನ ಧ್ವನಿ ಕೇಳಿ ನಮ್ಮ ಮಕ್ಕಳು 'ಮಿಸ್, ಮಿಸ್' ಎನ್ನುತ್ತಿದ್ದರು. ಪ್ರತಿ ಸಲವೂ ನನಗೆ ಕೂತ ಜಾಗದಲ್ಲಿ ಇರುವೆ ಕಚ್ಚಿದಂತಾಗುತ್ತಿತ್ತು. ಬೀಗ ತೆಗೆದರೆ ಹೊಟ್ಟೆಕಿಚ್ಚು ಹೋಗುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿ.

ಸಾಗರದ ಪ್ರದರ್ಶನದಲ್ಲಿ ದೊಡ್ಡ ಪರದೆಯ ಮೇಲೆ ಮಾನಿಟರ್ ಹುಡುಗಿ ಮೇಲುಗಡೆಯ ಒಂದು ಇಟ್ಟಿಗೆ ತೆಗೆದಳು. ನೀರು ಇಳಿಯಿತು. ಹಳೆಯ ಒಂದನೆಯ ಅಗಳು ಇದ್ದ ಜಾಗ ಬಂತು. ನೀರು ಅಲ್ಲಿ ನಿಲ್ಲದೆ ಮೆಟ್ಟಿಲಿಳಿದು, ತಿರುಗಿ, ಘಟ್ಟದ ಅಂಚಿನಿಂದ ಬೆಳ್ಳಗೆ ಬಿತ್ತು. ತರಬೇತಿಯ ಅಧಿಕಾರಿಗಳು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು.

"ಎರಡು ಶಾಲೆ ಹೆಸರಿದೆ. ಪಾಠ ಯಾರದ್ದು ಅಂತ ಬರ್ಕೊಳ್ಳಲಿ?"

ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಮೇಳಿಗೆ ಮಿಸ್ ಹೇಳಿದರು, "ಸಾರ್‌ದು. ನಮ್ ಹೊಳೇಲಿ ಎತ್ತರ ಎಲ್ಲ ಅಂದಾಜಿಂದು. ಇದು ನಕ್ಷೆ ಪ್ರಕಾರ."

ಎಷ್ಟು ಸುಲಭವಾಗಿ ಹೇಳಿಬಿಟ್ಟರು. ನಾನು ಎಲ್ಲಕ್ಕೂ ಸಿದ್ಧನಾಗಿ ಬಂದಿದ್ದೆ, ಇದಕ್ಕೆ ಸಿದ್ಧನಾಗಿರಲಿಲ್ಲ. ಹೊಳೆಯನ್ನು ಕಟ್ಟಿ ಕಲಿಯಬಹುದು, ಹೀಗೆ ಹೇಳುವುದನ್ನು ಎಲ್ಲಿ ಕಲಿಯುವುದು? ಅವರ ಹೊಳೆಯನ್ನು ನೋಡಿ ಕರುಬಿದ್ದೆನಲ್ಲ, ಈಗ ಅವರ ಉದಾರತನವನ್ನು ನೋಡಿ ಅದರ ಎರಡರಷ್ಟು ಕರುಬಿದೆ. ಆದರೂ ಬಾಯಿಂದ "ಇಬ್ಬರದೂ ಅಂತ ಬರೆದುಕೊಳ್ಳಿ" ಎಂದು ಬಂತು. ಬಂದದ್ದಕ್ಕೆ ಈಗಲೂ ನನಗೆ ಸಣ್ಣ ಹೆಮ್ಮೆಯಿದೆ, ಸಣ್ಣ ನಷ್ಟದ ಭಾವವೂ ಇದೆ.

ಹೊರಗೆ ಬಸ್ಸಿಗೆ ಕಾಯುವಾಗ ಮಿಸ್ ನನ್ನ ಚಾರ್ಜರ್ ಹಿಂದಿರುಗಿಸಿದರು. "ಸಾರ್, ಮಕ್ಕಳ ಮುಯ್ಯಿ ತೀರ್ತು. ನಮ್ಮಿಬ್ರುದು ಹಂಗೇ ಇದೆ. ಒಂದಿನ ನಮ್ಮಲ್ಲಿಗೆ ಬಂದು ಆ ಗೆರೆ ಪಾಠ ಮಾಡಿ. ಅದೇ ದಿನ ನಾನು ನಿಮ್ಮಲ್ಲಿಗೆ ಹೋಗಿ ಗಣಿತ ತಗೋತೀನಿ." ಇಬ್ಬರ ಮುಖ್ಯೋಪಾಧ್ಯಾಯರೂ ಒಪ್ಪಿದರು. ನಮ್ಮವರು ಒಪ್ಪಿಗೆಯ ಜೊತೆ ಗುಲಾಬಿಯನ್ನೂ ಕಳಿಸಿದರು.

ಹಾಗೆ ಮೇಳಿಗೆಗೆ ಹೋದೆ. ಮಕ್ಕಳು ಎದ್ದು ನಿಂತರು. ಕಣ್ಣು ಮುಚ್ಚಿ ಭಾರತ ಬಿಡಿಸಿದೆ, ಗುಜರಾತು ದಾಟಿದೆ, ಕಣ್ಣು ಬಿಟ್ಟು ಸಮೋನ್ನತ ರೇಖೆಗೆ ಬಂದೆ. ಪಾಠ ಚೆನ್ನಾಗಿಯೇ ಆಯಿತು. ಆದರೆ ಮನಸ್ಸೆಲ್ಲ ಮಾಸ್ತಿಕಟ್ಟೆಯಲ್ಲಿತ್ತು. ಈ ಹೊತ್ತಿಗೆ ಅವರು ನನ್ನ ಮಕ್ಕಳನ್ನು ಪೂರ್ತಿ ಗೆದ್ದುಕೊಂಡಿರಬೇಕು. ನಾಳೆ ನಾನು ಹೋದರೆ ಮುಖ ಬಾಡಿಸಿಕೊಂಡು ಕೂರುತ್ತಾರೆ. ಊಟದ ಬೆಲ್ಲು ಹೊಡೆದದ್ದೇ ಫೋನು ಮಾಡಿದೆ.

"ಹೇಗೆ ನಡೀತಿದೆ ಮಿಸ್?"

"ನಡೀತಿದೆ ಸಾರ್," ಎಂದರು. "ಲೆಕ್ಕಕ್ಕೆ ಅಂತ ಬೋರ್ಡ್ ಮೇಲೆ ಒಂದ್ ಕರ್ನಾಟಕದ ನಕ್ಷೆ ಹಾಕ್ದೆ. ನಿಮ್ ಮಕ್ಕಳು, ನಮ್ ಸಾರ್ ಹಿಂಗೆ ಹಾಕಲ್ಲ ಅಂದ್ರು. ಒರೆಸಿ ಇನ್ನೊಂದ್ ಹಾಕ್ದೆ. ಬೀದರ್ ದಪ್ಪ ಆಯ್ತು, ನಮ್ ಸಾರ್ ಬೀದರ್ ಸಪೂರ ಇರತ್ತೆ ಅಂದ್ರು. ನಿಮ್ ಮಾನಿಟರ್ ಎದ್ದು ಬಂದು ನನ್ ಕೈಯಿಂದ ಸೀಮೆಸುಣ್ಣ ಇಸ್ಕೊಂಡು ಸರಿ ಮಾಡಿದ್ಲು."

"ಮಕ್ಕಳು ಏನೋ ಅಂತಾರೆ, ಮನಸ್ಸಿಗೆ ಹಚ್ಕೋಬೇಡಿ."

"ಹಚ್ಕೊಂಡಿಲ್ಲ ಸಾರ್," ಎಂದರು ಮಿಸ್. ಆ ಎರಡು ಶಬ್ದದಲ್ಲಿ ಹಸಿ ಕಟ್ಟಿಗೆಗೆ ಬೆಂಕಿ ತಗುಲಿದಾಗ ಬರುವ ಹೊಗೆಯಿತ್ತು. ಎಷ್ಟೋ ತಿಂಗಳು ಅದೇ ಹೊಗೆಯಲ್ಲಿ ಕಣ್ಣುಜ್ಜಿಕೊಂಡವನಿಗೆ ಗುರುತು ಹತ್ತದೆ ಇರುತ್ತದೆಯೇ?

ಮೇಳಿಗೆಯ ಮಕ್ಕಳ ಸಾಲಿನಲ್ಲಿ ಕೂತು ಬಿಸಿಯೂಟ ಮಾಡಿದೆ. ಬಹಳ ರುಚಿಯಾಗಿತ್ತು, ಎರಡನೆಯ ಸಲ ಹಾಕಿಸಿಕೊಂಡೆ. ಆ ದಿನ ಸಾರಿಗೆ ಉಪ್ಪು ಹಾಕುವುದನ್ನೇ ಮರೆತಿದ್ದರಂತೆ.